ಸ್ವಾಧ್ಯಾಯ

‘ಸ್ವ’ ಅಂದರೆ ತನ್ನ, ‘ಅಧ್ಯಾಯ’ ಅಂದರೆ ಓದು. ಮೊದಲಿಗೆ ಇದು ತನ್ನ ಪಾಲಿನ ವೇದಭಾಗವನ್ನು ದಿನವೂ ಹೇಳಿಕೊಳ್ಳುವುದಕ್ಕೆ ಇದ್ದ ಮಾತು. ತೈತ್ತಿರೀಯ ಉಪನಿಷತ್ತಿನ ಗುರು ‘ಸ್ವಾಧ್ಯಾಯಾನ್ಮಾ ಪ್ರಮದಃ’, ಸ್ವಾಧ್ಯಾಯ ತಪ್ಪಿಸಬೇಡ, ಎನ್ನುವುದು ಪಾಠ ಮುಗಿಸಿ ಹೊರಟ ಶಿಷ್ಯನಿಗೆ. ಈಗ ಟ್ಯೂಷನ್ ಇಲ್ಲದೆ ಓದುವುದು ಎಂಬಷ್ಟೇ ಅರ್ಥ ಉಳಿದಿದೆ. ಅದು ಅರ್ಧ ಮಾತ್ರ. ಓದಿದ್ದು ಬಂತೋ ಇಲ್ಲವೋ ಎಂದು ತನ್ನನ್ನು ತಾನೇ ಕೇಳಿಕೊಳ್ಳುವುದು ಇನ್ನರ್ಧ.

ಆ ಇನ್ನರ್ಧವೇ ಶಾಲೆಗಳಲ್ಲಿ ಸೊರಗಿದೆ. 2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89. ಮರುವರ್ಷ ನಕಲು ತಡೆಯಲು ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ನಿಗಾ, ಬಂತು, ಕೃಪಾಂಕ ಹೆಚ್ಚಿಸಿದರೂ ಶೇ 73.40ಕ್ಕೆ ಇಳಿಯಿತು. ಪಾಸಾಗಲು ಸಾಕಾಗುವಷ್ಟೇ ಪ್ರಶ್ನೋತ್ತರಗಳ ‘ಪಾಸಿಂಗ್ ಪ್ಯಾಕೇಜ್’ ಉರು ಹೊಡೆದ ಮಕ್ಕಳಿಗೆ ಪ್ರಶ್ನೆ ಸ್ವಲ್ಪ ತಿರುಗಿದರೂ ದಾರಿ ತೋಚುವುದಿಲ್ಲ. ತಪ್ಪು ಮಕ್ಕಳದ್ದಲ್ಲ, ಪ್ರಶ್ನೆ ಹಾಕಿಕೊಳ್ಳುವುದನ್ನು ಅವರಿಗೆ ಯಾರೂ ಕಲಿಸಿಲ್ಲ.

ಮಳೆಗಾಲ ಬಂತೆಂದರೆ ಮಂಡ್ಯದಲ್ಲಿ ಬೆಳಗೆದ್ದು ಮೊದಲು ನೋಡುವುದು ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್) ನೀರಿನ ಮಟ್ಟ. ಪತ್ರಿಕೆಯಲ್ಲಿ ಹೊರಹರಿವು 10,000 ಕ್ಯುಸೆಕ್ ಎಂದಿದೆ ಎನ್ನಿ. ಹಾಗಾದರೆ ಒಂದು ದಿನಕ್ಕೆ ಎಷ್ಟು ಟಿಎಂಸಿ ಹೋಯಿತು? ಹತ್ತನೇ ಕ್ಲಾಸಿನ ಹುಡುಗಿ ಇದನ್ನು ಬಿಳಿ ಹಾಳೆಯ ಮೇಲೆ ಮಾಡಿ ನೋಡಲಿ. ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ 86.4 ಕೋಟಿ ಘನ ಅಡಿ. ಟಿಎಂಸಿ ಅಂದರೆ 100 ಕೋಟಿ ಘನ ಅಡಿ, ಹಾಗಾಗಿ 0.864 ಟಿಎಂಸಿ.

ಎಡವುವುದು ಸೊನ್ನೆಯಲ್ಲಿ. ಟಿಎಂಸಿಯನ್ನು 10 ಕೋಟಿ ಎಂದು ಹಿಡಿದರೆ 8.64 ಬರುತ್ತದೆ. ಆಗ ಉತ್ತರ ನೋಡಲು ಗೈಡ್ ತೆಗೆಯಬಾರದು. ಕಟ್ಟೆ ತುಂಬಿದರೆ 49.45 ಟಿಎಂಸಿ, ದಿನಕ್ಕೆ 8.64 ಹೋದರೆ ಆರೇ ದಿನಕ್ಕೆ ಬರಿದಾಗಬೇಕು. ಹಾಗಾಗುವುದುಂಟೇ? ಲೆಕ್ಕ ತಪ್ಪೆಂದು ಲೆಕ್ಕವೇ ಹೇಳಿತು.

ಪಠ್ಯಕ್ಕೂ ಇದೇ ಕ್ರಮ. ಎರಡು ಪುಟ ಓದಿ ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಸ್ವಂತ ಮಾತಿನಲ್ಲಿ ಬರೆಯಿರಿ. ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪು ಇಂಕಿನಲ್ಲಿ ತುಂಬಿ. ಮರುದಿನ, ಮೂರನೇ ದಿನ, ವಾರದ ಮೇಲೆ ಆ ಕೆಂಪು ಸಾಲುಗಳನ್ನಷ್ಟೇ ಕೇಳಿಕೊಳ್ಳಿ. ಹೈಲೈಟರ್ ಎಳೆದು ಮತ್ತೆ ಮತ್ತೆ ಓದಿದರೆ ಪುಟದ ಮುಖಪರಿಚಯ ಆಗುತ್ತದೆ, ಬಂದುಬಿಟ್ಟಿತು ಎನಿಸುತ್ತದೆ. ಹಾಳೆಯ ಮುಂದೆ ಕೂತಾಗಲೇ ಗೊತ್ತಾಗುವುದು. ದಶಮಾಂಶದ ಹತ್ತಿರವೇ ಕೈ ನಿಂತರೆ ಐದನೇ ಕ್ಲಾಸಿನ ಪುಸ್ತಕ ತೆಗೆದು ಅಲ್ಲಿಂದ ಶುರುಮಾಡಿ. ನಾಚಿಕೆ ಬೇಡ.