ಟಿವಿಗಿಂತ ಮೊದಲು ಸೋಫಾದ ದೂರ ಅಳೆಯಿರಿ

ಒಂದು ಬಿಳಿ ಹಾಳೆಯ ಮೇಲೆ ಒಂದು ಮಿಲಿಮೀಟರ್ ದಪ್ಪದ ಎರಡು ಕಪ್ಪು ಗೆರೆ ಎಳೆಯಿರಿ. ನಡುವೆ ಒಂದೇ ಮಿಲಿಮೀಟರ್ ಜಾಗ ಬಿಡಿ. ಹಾಳೆಯನ್ನು ಗೋಡೆಗೆ ಅಂಟಿಸಿ, ಅದನ್ನೇ ನೋಡುತ್ತಾ ಹಿಂದಕ್ಕೆ ಹೋಗಿ. ಸುಮಾರು 11 ಅಡಿ ದಾಟುತ್ತಿದ್ದ ಹಾಗೆ ಎರಡೂ ಗೆರೆ ಸೇರಿ ಒಂದೇ ಆಗಿಬಿಡುತ್ತದೆ. ಇದು ಕಣ್ಣಿನ ದೋಷವಲ್ಲ. ಒಂದು ಡಿಗ್ರಿಯನ್ನು 60 ಪಾಲು ಮಾಡಿ, ಅದರಲ್ಲಿ ಒಂದು ಪಾಲಿಗಿಂತ ಸಣ್ಣದನ್ನು ಬಿಡಿಸಿ ನೋಡುವುದು ಸಾಮಾನ್ಯ ಕಣ್ಣಿಗೆ ಕಷ್ಟ.

2012ರಲ್ಲಿ ಮೊದಲ ಅಲ್ಟ್ರಾ ಎಚ್‌ಡಿ ಟಿವಿಗಳು ಬಂದಾಗ ಈ ಹಾಳೆಯ ಲೆಕ್ಕ ಹಾಕಿದವರು ಕಡಿಮೆ. ಎಲ್ಲರ ಬಾಯಲ್ಲೂ ಪಿಕ್ಸೆಲ್ ಮಾತೇ, ಅಂದರೆ ಚಿತ್ರವನ್ನು ಕಟ್ಟುವ ಸಣ್ಣ ಚುಕ್ಕಿಗಳ ಮಾತು. ಫುಲ್ ಎಚ್‌ಡಿಯಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್, ಹೊಸದರಲ್ಲಿ 83 ಲಕ್ಷ. ನಾಲ್ಕು ಪಟ್ಟು! ಆದರೆ 55 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲೇ ಒಂದು ಪಿಕ್ಸೆಲ್ಲಿನ ಅಗಲ ಬರೀ 0.63 ಮಿಲಿಮೀಟರ್. 7 ಅಡಿ ಆಚೆ ಕೂತರೆ ಅದೇ ಕಣ್ಣಿಗೆ ಬೀಳುವುದಿಲ್ಲ. ಸೋಫಾ 9 ಅಡಿ ದೂರ ಇದ್ದರೆ, ಅದಕ್ಕಿಂತ ಸಣ್ಣ ಪಿಕ್ಸೆಲ್ ಯಾರಿಗಾಗಿ ಹೇಳಿ? ಮೊದಲು ಬಂದ 84 ಇಂಚಿನ ಸೆಟ್‌ಗಳ ಮಾತು ಬೇರೆ. ಅಷ್ಟು ದೊಡ್ಡ ಪರದೆಯಲ್ಲಿ ವ್ಯತ್ಯಾಸ 10 ಅಡಿಯಿಂದಲೂ ಗೊತ್ತಾಗುತ್ತದೆ.

ಇನ್ನೊಂದು ತೊಂದರೆ ಟಿವಿಯ ಹಿಂಬದಿಯಲ್ಲಿತ್ತು. ನನಗೆ ಇದೇ ಜಾಸ್ತಿ ಮುಖ್ಯ ಅನಿಸುತ್ತದೆ. ಪ್ಲೇಯರ್‌ನಿಂದ ಟಿವಿಗೆ ಚಿತ್ರ ತರುವ ಆಗಿನ ಎಚ್‌ಡಿಎಂಐ 1.4 ಕೇಬಲ್ ದಾರಿಯಲ್ಲಿ 4ಕೆ, ಅಂದರೆ ಅಲ್ಟ್ರಾ ಎಚ್‌ಡಿ, ಚಿತ್ರ ಸೆಕೆಂಡಿಗೆ 30ರಷ್ಟೇ ಹೋಗುತ್ತಿತ್ತು. ಸಿನಿಮಾಗೆ 24 ಸಾಕು, ಸರಿ. ಆಟಕ್ಕೆ? ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ 1.3 ಮೀಟರ್ ಜಿಗಿದಿರುತ್ತದೆ. ಪಿಕ್ಸೆಲ್ ಎಷ್ಟಿದ್ದರೇನು, ನಡುವಿನ ದಾರಿಯೇ ಇಲ್ಲ. 60 ಚಿತ್ರ ಕಳಿಸಬಲ್ಲ ಎಚ್‌ಡಿಎಂಐ 2.0 ಬಂದದ್ದು 2013ರ ಸೆಪ್ಟೆಂಬರ್‌ನಲ್ಲಿ. ವಿಡಿಯೋವನ್ನು ಹೆಚ್ಚುಕಡಿಮೆ ಅರ್ಧ ಗಾತ್ರಕ್ಕೆ ಕುಗ್ಗಿಸುವ ಎಚ್‌ಇವಿಸಿ ವಿಧಾನ ಅಂತಿಮವಾದದ್ದೂ ಅದೇ ವರ್ಷ. ಅದನ್ನು ಬಿಡಿಸಿ ತೋರಿಸಲು ಅದಕ್ಕೆ ತಕ್ಕ ಚಿಪ್ ಬೇಕು. ಹಳೆಯ ಸೆಟ್‌ಗೆ ಸುಮ್ನೆ ಒಂದು ಅಪ್‌ಡೇಟ್ ಹಾಕಿದರೆ ಆಗುವ ಕೆಲಸವಲ್ಲ. ಕೆಲವು ಸೆಟ್‌ಗಳಲ್ಲಿ ಕೇಬಲ್ ಚುಚ್ಚುವ ಭಾಗವೇ ಬೇರೆ ಡಬ್ಬಿಯಲ್ಲಿತ್ತು. ಡಬ್ಬಿ ಬದಲಿಸಿದರೆ ಆಯಿತು. ಒಳ್ಳೆಯ ಯೋಚನೆ, ಆದರೆ ಎಲ್ಲರೂ ಹಾಗೆ ಮಾಡಲಿಲ್ಲ.

ಆಮೇಲೆ ಬಂತು ಎಚ್‌ಡಿಆರ್. ಬೆಳಕು ಇನ್ನಷ್ಟು ಪ್ರಖರ, ನೆರಳು ಇನ್ನಷ್ಟು ಆಳ. ನೀರಿನ ಮೇಲೆ ಬಿಸಿಲು ಮಿನುಗುವುದನ್ನು ಕಣ್ಣು 15 ಅಡಿಯಿಂದಲೂ ಹಿಡಿಯುತ್ತದೆ, ಅದಕ್ಕೆ ಸೋಫಾ ಎಳೆಯಬೇಕಿಲ್ಲ. 2015-16ರ ಹೊತ್ತಿಗೆ ಮನೆಗಳಿಗೆ ಬರತೊಡಗಿದ ಈ ಸೌಲಭ್ಯ ಮೊದಲ ಸೆಟ್‌ಗಳಲ್ಲಿ ಇರಲೇ ಇಲ್ಲ. ಹಾಗಾಗಿ ಮನೆಯಲ್ಲಿ ಒಳ್ಳೆಯ ಫುಲ್ ಎಚ್‌ಡಿ ಇದ್ದವರು ಮೂರು ವರ್ಷ ಕಾದಿದ್ದರೆ ಅವರಿಗೇ ಲಾಭ ಅಂತ ನಾನು ಖಚಿತವಾಗಿ ಹೇಳುತ್ತೇನೆ.

ಫೋಟೋ ತೆಗೆಯುವವರಿಗೆ ಮಾತ್ರ ನಾನು ಬೇಡ ಅನ್ನುತ್ತಿರಲಿಲ್ಲ. 1 ಕೋಟಿ 20 ಲಕ್ಷ ಪಿಕ್ಸೆಲ್ಲಿನ ಫೋಟೋವನ್ನು ಫುಲ್ ಎಚ್‌ಡಿಯಲ್ಲಿ ಹಾಕಿದರೆ ಆರರಲ್ಲಿ ಒಂದು ಪಾಲು ಪಿಕ್ಸೆಲ್‌ಗಷ್ಟೇ ಜಾಗ. 4ಕೆ ಪರದೆಯಲ್ಲಿ ಮೂರರಲ್ಲಿ ಎರಡು ಪಾಲಿಗೆ ಜಾಗ ಸಿಗುತ್ತದೆ. ಫೋಟೋ ನೋಡುವಾಗ ಎದ್ದು ಹತ್ತಿರ ಹೋಗ್ತೀವಿ ಅಲ್ವಾ? ರೆಪ್ಪೆಯ ಒಂದೊಂದು ಕೂದಲೂ ಕಾಣುವುದು ಆಗಲೇ.

ಅಂಥ ಹಳೆಯ ಸೆಟ್ ಈಗ ಕಡಿಮೆ ಬೆಲೆಗೆ ಸಿಕ್ಕರೆ, ಹಿಂದಿನ ಕಿಂಡಿಗಳಿಗೆ ಎಚ್‌ಡಿಸಿಪಿ 2.2 ಇದೆಯೇ ಅಂತ ಕೈಪಿಡಿಯಲ್ಲಿ ನೋಡಿ. ಅದು ನಕಲು ತಡೆಯುವ ಬೀಗ. ಅದಿಲ್ಲದಿದ್ದರೆ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಪ್ಲೇಯರ್ ಸಿನಿಮಾವನ್ನು ಅದಕ್ಕೆ 4ಕೆಯಲ್ಲಿ ಕಳಿಸುವುದಿಲ್ಲ. ನಿಮ್ಮದೇ ಫೋಟೋಗಳಿಗೆ ಆ ಬೀಗದ ಗೊಡವೆ ಇಲ್ಲ.