ಸಿ ಡ್ರೈವಿನ ಪಹಣಿ

ತಿಪಟೂರಿನ ದೊಡ್ಡಪ್ಪನ ಲ್ಯಾಪ್‌ಟಾಪಿನಲ್ಲಿ ಸಿ ಡ್ರೈವ್ ಕೆಂಪಾಗಿ ಒಂದು ವಾರ ಆಗಿತ್ತು. ಉಳಿದಿದ್ದ ಜಾಗ 1.9 ಜಿಬಿ. ದೊಡ್ಡಪ್ಪ ಸುಮ್ನೆ ಕೂರುವವರಲ್ಲ. ಹಳೆ ಪತ್ರ, ಅರ್ಜಿ, ಮದುವೆ ಕರೆಯೋಲೆಯ ಕರಡು, ತೆಂಗಿನ ತೋಟದ ಲೆಕ್ಕ ಎಲ್ಲ ಸೇರಿ ಮುನ್ನೂರು ವರ್ಡ್ ಫೈಲುಗಳನ್ನು ಒಂದೊಂದಾಗಿ ತೆರೆದು, ಓದಿ, ಡಿಲೀಟ್ ಮಾಡಿದರು. ಎರಡು ದಿನದ ಕೆಲಸ. ಆಮೇಲೆ ನೋಡಿದರೆ ಅದೇ 1.9 ಜಿಬಿ.

"ಅಳಿಸಿದ್ದೆಲ್ಲ ಎಲ್ಲಿಗೆ ಹೋಯ್ತೋ?" ಅಂತ ನನಗೆ ಫೋನ್ ಮಾಡಿದರು. ಅಷ್ಟರಲ್ಲಿ ಪೇಟೆಯ ಅಂಗಡಿ ಹುಡುಗ "ಸಿಸ್ಟಮ್ ಭಾರ ಆಗಿದೆ ಸಾರ್, ಫಾರ್ಮ್ಯಾಟ್ ಹೊಡೀಬೇಕು" ಅಂದಿದ್ದನಂತೆ. ಯಾರೋ ನೆಂಟರು ದಿನಕ್ಕೆ ಹತ್ತು ಸಲ ರಿಫ್ರೆಶ್ ಒತ್ತಿ ಅಂದಿದ್ದರಂತೆ. ಈ ರಿಫ್ರೆಶ್ ವಿಷಯಕ್ಕೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಅದು ಪರದೆಯ ಮೇಲಿನ ಐಕಾನುಗಳನ್ನು ಇನ್ನೊಂದು ಸಲ ಬರೆದು ತೋರಿಸುತ್ತದೆ, ಅಷ್ಟೇ. ಡಿಸ್ಕಿನಲ್ಲಿ ಒಂದು ಬೈಟ್ ಕೂಡ ಖಾಲಿ ಆಗುವುದಿಲ್ಲ. ಆದರೂ ದೇವರ ಮನೆ ಮುಂದೆ ಗಂಟೆ ಬಾರಿಸುವ ಹಾಗೆ ಕಂಪ್ಯೂಟರ್ ಆನ್ ಆದ ಕೂಡಲೇ ಮೂರು ಸಲ ಎಫ್5 ಒತ್ತುವ ಇಂಜಿನಿಯರುಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ದೊಡ್ಡಪ್ಪನ ಪ್ರಶ್ನೆ ಮಾತ್ರ ಸರಿಯಾದ ಪ್ರಶ್ನೆ. ಅಳಿಸಿದ್ದು ಎಲ್ಲಿಗೆ ಹೋಯಿತು?

ಎಲ್ಲಿಗೂ ಹೋಗಲಿಲ್ಲ. ದೊಡ್ಡಪ್ಪ ಮೂವತ್ತು ವರ್ಷ ಗ್ರಾಮ ಲೆಕ್ಕಿಗರಾಗಿದ್ದವರು. ಹಾಗಾಗಿ ನನಗೆ ಹೇಳುವುದು ಸುಲಭವಾಯಿತು. "ದೊಡ್ಡಪ್ಪ, ಒಬ್ಬ ರೈತ ನಾಲ್ಕು ಎಕರೆ ಮಾರಿದ. ನೀವು ಏನು ಮಾಡ್ತಿದ್ರಿ? ಮಣ್ಣು ಎತ್ತಿ ಲಾರಿಗೆ ತುಂಬಿಸ್ತಿದ್ರಾ?"

"ಹುಚ್ಚಾ ನಿನಗೆ? ಮ್ಯುಟೇಷನ್ ಆಗ್ತಿತ್ತು. ಪಹಣೀಲಿ ಒಂಬತ್ತನೇ ಕಾಲಂನಲ್ಲಿ ಹೆಸರು ಬದಲಾಗ್ತಿತ್ತು."

ಡಿಸ್ಕಿನಲ್ಲೂ ಅಷ್ಟೇ. ನಮ್ಮ ಫೈಲು ಒಂದು ಹೊಲ ಅಂದುಕೊಳ್ಳಿ. ಡಿಸ್ಕಿನ ಒಂದು ಮೂಲೆಯಲ್ಲಿ ಎಲ್ಲ ಹೊಲಗಳ ಪಹಣಿ ಇರುತ್ತದೆ. ವಿಂಡೋಸ್ ಈಗ ಬಳಸುವ ಪದ್ಧತಿಗೆ ಎನ್‌ಟಿಎಫ್‌ಎಸ್ ಅಂತ ಹೆಸರು. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂತು. ಅದರಲ್ಲಿ ಪ್ರತಿ ಫೈಲಿಗೂ ಸಾಮಾನ್ಯವಾಗಿ 1 ಕೆಬಿಯ ಒಂದು ಪುಟ. ಆ ಪುಟದಲ್ಲಿ ಫೈಲಿನ ಹೆಸರು, ತಾರೀಕು, ಮತ್ತು ಅದು ಡಿಸ್ಕಿನ ಯಾವ ಯಾವ ತುಂಡುಗಳಲ್ಲಿ ಕೂತಿದೆ ಅನ್ನುವ ಸರ್ವೆ ನಂಬರುಗಳು. ಇದರ ಜೊತೆಗೆ ಯಾವ ತುಂಡು ಖಾಲಿ, ಯಾವುದು ಭರ್ತಿ ಅಂತ ಗುರುತು ಹಾಕಿಟ್ಟ ಇನ್ನೊಂದು ಪಟ್ಟಿ. ನೀವು ಫೈಲ್ ಅಳಿಸಿದಿರಿ ಅಂದರೆ ಆ ಪುಟದ ಮೇಲೆ 'ಈ ಪುಟ ಚಾಲ್ತಿಯಲ್ಲಿಲ್ಲ' ಅಂತ ಒಂದು ಗುರುತು ಬೀಳುತ್ತದೆ. ಪಟ್ಟಿಯಲ್ಲಿ ಆ ತುಂಡುಗಳು 'ಖಾಲಿ' ಆಗುತ್ತವೆ. ಹೊಲದಲ್ಲಿ ಬೆಳೆ ಹಾಗೇ ನಿಂತಿರುತ್ತದೆ. ಹೊಸಬ ಬಂದು ಉತ್ತು ಬಿತ್ತುವ ತನಕ.

ಅದಕ್ಕೇ 10 ಜಿಬಿ ಸಿನಿಮಾ ಅಳಿಸಲು ಒಂದು ಚಿಟಿಕೆ ಹೊತ್ತು ಸಾಕು, ಕಾಪಿ ಮಾಡಲು ನಿಮಿಷಗಟ್ಟಲೆ ಬೇಕು. ಕಾಪಿ ಅಂದರೆ ಉಳುಮೆ. ಡಿಲೀಟ್ ಅಂದರೆ ಸಹಿ. ಫೈಲನ್ನು ಡೆಸ್ಕ್‌ಟಾಪಿನಿಂದ ಡಾಕ್ಯುಮೆಂಟ್ಸ್‌ಗೆ ಎಳೆದರೆ ತಕ್ಷಣ ಹೋಗಿಬಿಡುತ್ತದೆ, ಯಾಕೆಂದರೆ ಎರಡೂ ಸಿ ಡ್ರೈವಿನಲ್ಲೇ ಇವೆ, ಬದಲಾಗಿದ್ದು ವಿಳಾಸ ಮಾತ್ರ. ಡಿ ಡ್ರೈವಿಗೆ ಎಳೆಯಿರಿ, ಹಸಿರು ಪಟ್ಟಿ ತೆವಳಲು ಶುರು. ಅದು ಬೇರೆ ಊರು, ಬೇರೆ ಪಹಣಿ. ನಿಜವಾಗಿಯೂ ಸಾಮಾನು ಸಾಗಿಸಲೇಬೇಕು.

ವಿಂಡೋಸಿಗೂ ಮುಂಚಿನ ಹಳೆ ಡಾಸ್ ಕಾಲದಲ್ಲಿ ಇದು ಇನ್ನೂ ಮಜವಾಗಿತ್ತು. ಆಗಿನ ಪದ್ಧತಿಯಲ್ಲಿ ಫೈಲ್ ಅಳಿಸಿದರೆ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ ಒಂದು ವಿಶೇಷ ಗುರುತು ಬೀಳುತ್ತಿತ್ತು. 1991ರ ಡಾಸ್ 5ರಲ್ಲಿ ಅನ್‌ಡಿಲೀಟ್ ಅನ್ನುವ ಕಮಾಂಡ್ ಬಂತು. ಅದು ಅಳಿಸಿದ ಫೈಲು ಹುಡುಕಿ ತೋರಿಸಿ, ಮೊದಲ ಅಕ್ಷರ ಏನಿತ್ತು ಅಂತ ಕೇಳುತ್ತಿತ್ತು. ನೀವು ಹೇಳಬೇಕಿತ್ತು. ಹೇಳಿದರೆ ಫೈಲು ವಾಪಸ್! ಕೆಂಪು ಶಾಯಿಯಲ್ಲಿ ಒಂದೇ ಅಕ್ಷರ ಹೊಡೆದು ಇಡೀ ಜಮೀನು ರದ್ದು ಮಾಡಿದ ಶಾನುಭೋಗರ ಹಾಗೆ.

ಲೆಕ್ಕದ ಪುಸ್ತಕದ ಹೋಲಿಕೆ ನಾನು ಬಲವಂತಕ್ಕೆ ತಂದಿದ್ದಲ್ಲ. ಹಾರ್ಡ್ ಡಿಸ್ಕ್ ಹುಟ್ಟಿದ್ದೇ ಲೆಕ್ಕಕ್ಕಾಗಿ. 1956ರಲ್ಲಿ ಐಬಿಎಂ ಹೊರತಂದ ಮೊದಲ ಡಿಸ್ಕ್ ಯಂತ್ರಕ್ಕೆ ರಾಮ್ಯಾಕ್ ಅಂತ ಹೆಸರು. ಆ ಹೆಸರಿನ ಪೂರ್ಣ ರೂಪದಲ್ಲೇ ಅಕೌಂಟಿಂಗ್ ಅನ್ನುವ ಪದ ಇದೆ. ಅದಕ್ಕೆ ಮುಂಚೆ ಲೆಕ್ಕವೆಲ್ಲ ತೂತು ಕೊರೆದ ಕಾರ್ಡು, ಟೇಪುಗಳಲ್ಲಿ. ಟೇಪಿನಲ್ಲಿ ನಡುವಿನ ಒಂದು ಖಾತೆ ಬೇಕೆಂದರೆ ಅಲ್ಲಿಯ ತನಕ ಸುತ್ತಲೇಬೇಕು. ರಾಮ್ಯಾಕ್‌ನಲ್ಲಿ ನೇರ ಆ ಖಾತೆಗೇ ಹೋಗಬಹುದಿತ್ತು. ಅದರೊಳಗೆ ಎರಡು ಅಡಿ ಅಗಲದ 50 ತಟ್ಟೆಗಳು. ತೂಕ ಸುಮಾರು ಒಂದು ಟನ್. ಬಾಡಿಗೆ ತಿಂಗಳಿಗೆ 3,200 ಡಾಲರ್. ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ, ಈಗಿನ ಲೆಕ್ಕದಲ್ಲಿ 3.75 ಎಂಬಿ. ನಿಮ್ಮ ಫೋನಿನ ಒಂದು ಫೋಟೊ.

ದೊಡ್ಡಪ್ಪನ ಹತ್ತಿರ ಬರೋಣ. ಅವರ ಮುನ್ನೂರು ಫೈಲುಗಳ ಕಥೆಯಲ್ಲಿ ಎರಡು ಎಡವಟ್ಟು ಆಗಿದ್ದವು. ಮೊದಲನೆಯದು, ಅವು ಇನ್ನೂ ಡಿಲೀಟ್ ಕೂಡ ಆಗಿರಲಿಲ್ಲ, ರಿಸೈಕಲ್ ಬಿನ್‌ನಲ್ಲಿದ್ದವು. ಈ ಕಸದ ಬುಟ್ಟಿ 1983ರಲ್ಲಿ ಆ್ಯಪಲ್ ಕಂಪನಿಯ ಲೀಸಾ ಕಂಪ್ಯೂಟರಿನಲ್ಲಿ ಇತ್ತು. ವಿಂಡೋಸಿಗೆ ಈ ಹೆಸರಿನಲ್ಲಿ ಬಂದಿದ್ದು 1995ರಲ್ಲಿ. ಬುಟ್ಟಿಯೂ ಅದೇ ಮನೆಯೊಳಗೆ ಇರುವ ಬುಟ್ಟಿ. ಕಸವನ್ನು ನಡುಮನೆಯಿಂದ ಹಿತ್ತಲಿಗೆ ಹಾಕಿದರೆ ಮನೆಯ ಅಳತೆ ಜಾಸ್ತಿ ಆಗುತ್ತಾ?

ಎರಡನೆಯದು, ಬುಟ್ಟಿ ಖಾಲಿ ಮಾಡಿದರೂ ಸಿಕ್ಕಿದ್ದು 7 ಎಂಬಿಯಷ್ಟು. ಅಕ್ಷರಕ್ಕೆ ತೂಕವೇ ಇಲ್ಲ. ಕನ್ನಡದ ಅಕ್ಷರಗಳು ಯೂನಿಕೋಡಿನ ಯುಟಿಎಫ್-8 ಬರಹದಲ್ಲಿ ಇಂಗ್ಲಿಷಿಗಿಂತ ಮೂರು ಪಟ್ಟು ಜಾಗ ತಿನ್ನುತ್ತವೆ, ನಿಜ. 'ಕನ್ನಡ' ಅನ್ನುವ ಪದವನ್ನೇ ತೆಗೆದುಕೊಳ್ಳಿ. ಕ, ನ, ಒತ್ತು ಕೂರಿಸುವ ಒಂದು ಚಿಹ್ನೆ, ಮತ್ತೆ ನ, ಡ. ಒಟ್ಟು ಐದು, ಒಂದೊಂದಕ್ಕೆ ಮೂರು ಬೈಟ್, ಹದಿನೈದು. ಆದರೂ ನೀವು ಈಗ ಓದುತ್ತಿರುವ ಲೇಖನ ಪೂರ್ತಿ ಸೇರಿ ಸುಮಾರು 40 ಕೆಬಿ. 3 ಎಂಬಿಯ ಒಂದು ಫೋಟೊದ ಜಾಗದಲ್ಲಿ ಇಂಥ ಎಪ್ಪತ್ತು ಲೇಖನ ಹಿಡಿಸುತ್ತವೆ. ಮೊಮ್ಮಗನ ನಾಮಕರಣದ ಎರಡು ನಿಮಿಷದ ವಿಡಿಯೊ ಒಂದೇ 200 ಎಂಬಿ ದಾಟುತ್ತದೆ. ದೊಡ್ಡಪ್ಪ ಆಕಳಿನ ಮುಂದೆ ಕೂತು ಉಣ್ಣಿ ಹುಳ ಕಿತ್ತಿದ್ದರು. ಆನೆ ಹಿಂದೆ ನಿಂತಿತ್ತು.

ಆನೆ ಹುಡುಕುವುದು ಹೇಗೆ? ಊರಿಗೊಂದು ನಕ್ಷೆ ಇರುತ್ತದಲ್ಲ, ಹಾಗೇ ಡಿಸ್ಕಿಗೂ ನಕ್ಷೆ ಬರೆಯಬಹುದು. 1990ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 14 ಜನ ಸೇರಿ 80 ಎಂಬಿಯ ಒಂದು ಡಿಸ್ಕ್ ಬಳಸುತ್ತಿದ್ದರು. ಅದು ತುಂಬಿಹೋಯಿತು. ಯಾರ ಫೈಲು ಜಾಸ್ತಿ ತಿನ್ನುತ್ತಿದೆ ಗೊತ್ತಾಗುತ್ತಿಲ್ಲ. ಪ್ರೊಫೆಸರ್ ಬೆನ್ ಶ್ನೈಡರ್‌ಮನ್ ತಲೆ ಕೆಡಿಸಿಕೊಂಡು, ಇಡೀ ಪರದೆಯನ್ನೇ ಡಿಸ್ಕ್ ಅಂದುಕೊಂಡು, ಒಂದೊಂದು ಫೈಲನ್ನೂ ಅದರ ಗಾತ್ರಕ್ಕೆ ತಕ್ಕ ಚೌಕವಾಗಿ ಕತ್ತರಿಸಿ ಕೂರಿಸಿದರು. ಅದಕ್ಕೆ ಟ್ರೀಮ್ಯಾಪ್ ಅಂತ ಹೆಸರಾಯಿತು. ಈಗ ಷೇರು ಮಾರುಕಟ್ಟೆಯ ಚಿತ್ರಗಳಲ್ಲೂ ಅದನ್ನು ನೋಡುತ್ತೀರಿ. ಹುಟ್ಟಿದ್ದು ಮಾತ್ರ ನಮ್ಮ ದೊಡ್ಡಪ್ಪನ ಸಂಕಟದಿಂದಲೇ. ವಿನ್‌ಡರ್‌ಸ್ಟ್ಯಾಟ್ ಅನ್ನುವ ಉಚಿತ ತಂತ್ರಾಂಶ ಇದೇ ನಕ್ಷೆ ತೋರಿಸುತ್ತದೆ. ದುಡ್ಡು ಕೊಟ್ಟು ಕೊಳ್ಳುವ ಕ್ಲೀನರುಗಳು, ಅದರಲ್ಲೂ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ಕಡತ) ಕ್ಲೀನ್ ಮಾಡುತ್ತೇವೆ ಅನ್ನುವವು, ತಾಯತದ ಅಣ್ಣತಮ್ಮಂದಿರು. ಹತ್ತಿರ ಸೇರಿಸಬೇಡಿ.

ನಕ್ಷೆ ಹಾಕಿದೆವು. ಮೊದಲ ದೊಡ್ಡ ಚೌಕ 'ವಿಂಡೋಸ್ ಓಲ್ಡ್', 22 ಜಿಬಿ. ದೊಡ್ಡಪ್ಪ ಹಿಂದಿನ ವಾರ ವಿಂಡೋಸ್ 11ಕ್ಕೆ ಏರಿಸಿಕೊಂಡಿದ್ದರು. ಹೊಸ ಮನೆ ಹಿಡಿಸದಿದ್ದರೆ ವಾಪಸ್ ಹೋಗಲಿ ಅಂತ ಹಳೆ ಮನೆಯನ್ನು ಹತ್ತು ದಿನ ಹಾಗೇ ಇಟ್ಟಿರುತ್ತದೆ, ಆಮೇಲೆ ತಾನೇ ತೆಗೆಯುತ್ತದೆ. ಕಾಯುವ ತಾಳ್ಮೆ ಇಲ್ಲದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್ ಅಂತ ಹೋಗಿ ತೆಗೆಯಬಹುದು. ಆ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಅಂತಲೂ ಒಂದು ಸಾಲಿರುತ್ತದೆ. ಜಂಕ್ ಅಂದುಕೊಂಡು ಅದಕ್ಕೂ ಟಿಕ್ ಹಾಕಿದರೆ ನಿಮ್ಮ ಡೌನ್‌ಲೋಡ್ ಫೋಲ್ಡರ್ ಪೂರ್ತಿ ಖಾಲಿ. ಜೋಪಾನ.

ಇನ್ನೊಂದು ಚೌಕ 3 ಜಿಬಿ ಚಿಲ್ಲರೆ. ಹೈಬರ್ನೇಟ್ ಮಾಡುವಾಗ ರ‍್ಯಾಮಿನಲ್ಲಿದ್ದದ್ದನ್ನು ಸುರಿದಿಡಲು ವಿಂಡೋಸ್ ಕಾದಿರಿಸಿದ ಜಾಗ, ರ‍್ಯಾಮಿನ ಸುಮಾರು 40%. ಅದನ್ನು ಬಿಟ್ಟೆವು. ಮೂರನೆಯದು ಫೋನಿನಿಂದ ಸುರಿದುಕೊಂಡ ಫೋಟೊ ವಿಡಿಯೊಗಳು, 'ನ್ಯೂ ಫೋಲ್ಡರ್', 'ನ್ಯೂ ಫೋಲ್ಡರ್ 2', 'ನ್ಯೂ ಫೋಲ್ಡರ್ 3'. ಒಂದೇ ನಾಮಕರಣ ಮೂರು ಸಲ. ಆನೆ ಇಲ್ಲಿತ್ತು, 61 ಜಿಬಿ. "ಜಿಪ್ ಮಾಡಿದ್ರೆ ಚಿಕ್ಕದಾಗಲ್ವಾ?" ಅಂದರು. ಆಗಲ್ಲ. ಫೋಟೊದ ಜೆಪೆಗ್, ವಿಡಿಯೊದ ಎಂಪಿ4 ಆಗಲೇ ಹಿಂಡಿ ಒಣಗಿಸಿದ ಬಟ್ಟೆ. ಮತ್ತೆ ಹಿಂಡಿದರೆ ಕೈ ನೋವು, ನೀರು ಬರಲ್ಲ.

ನಾಲ್ಕನೆಯದು ವಿಂಡೋಸಿನೊಳಗಿನ 'ವಿನ್‌ಎಸ್‌ಎಕ್ಸ್‌ಎಸ್' ಫೋಲ್ಡರ್. ಇದನ್ನು ನೋಡಿದರೆ ನನಗೆ ಈಗಲೂ ಮೈ ಬಿಸಿಯಾಗುತ್ತದೆ. ಕಾಲೇಜಿನಲ್ಲಿದ್ದಾಗ ಹಠ ಹಿಡಿದು ಪರ್ಮಿಷನ್ ಬದಲಿಸಿ ಅದರೊಳಗಿಂದ ಅರ್ಧ ಅಳಿಸಿದ್ದೆ. ಮರುದಿನ ಲ್ಯಾಪ್‌ಟಾಪ್ ಏಳಲಿಲ್ಲ. ಅಲ್ಲಿ ಕಾಣುವ ಗಾತ್ರವೇ ಕಣ್ಕಟ್ಟು. ಅದರಲ್ಲಿ ಎಷ್ಟೋ ಫೈಲುಗಳು ಬೇರೆ ಕಡೆಯೂ ಇನ್ನೊಂದು ಹೆಸರಲ್ಲಿ ಕಾಣುತ್ತವೆ, ಜಮೀನು ಮಾತ್ರ ಒಂದೇ. ಜಂಟಿ ಖಾತೆ. ಮೂವರು ಅಣ್ಣತಮ್ಮಂದಿರ ನಾಲ್ಕು ಎಕರೆಯನ್ನು ಒಬ್ಬೊಬ್ಬರ ಹೆಸರಲ್ಲೂ ಎಣಿಸಿ ಹನ್ನೆರಡು ಎಕರೆ ಅಂದ ಹಾಗೆ. "ಓಹೋ, ಅಂಥ ಲೆಕ್ಕ ನಾನೂ ಬಹಳ ನೋಡಿದೀನಿ" ಅಂದರು ದೊಡ್ಡಪ್ಪ.

ಅವರಿಗೆ ಇನ್ನೊಂದು ಅನುಮಾನ. "256 ಜಿಬಿ ಅಂತ ದುಡ್ಡು ಕೊಟ್ಟಿದ್ದು, ಇಲ್ಲಿ 238 ತೋರಿಸ್ತಿದೆ. ಅಂಗಡಿಯವನು ನುಂಗಿದನಾ?" ಇಲ್ಲ. ಡಿಸ್ಕ್ ಮಾಡುವವರ ಜಿಬಿ ಅಂದರೆ ನೂರು ಕೋಟಿ ಬೈಟ್. ವಿಂಡೋಸಿನ ಜಿಬಿ ಅಂದರೆ 107,37,41,824. ಊರೂರಿಗೆ ಸೇರಿನ ಅಳತೆ ಬೇರೆ ಇತ್ತಲ್ಲ, ಆ ತರ. ರಾಗಿ ಅಷ್ಟೇ ಇದೆ.

ಈಗ ಒಂದು ತಿದ್ದುಪಡಿ. ಬೆಳೆ ಹಾಗೇ ನಿಂತಿರುತ್ತದೆ ಅಂದೆನಲ್ಲ, ಅದು ತಟ್ಟೆ ತಿರುಗುವ ಹಳೆ ಹಾರ್ಡ್ ಡಿಸ್ಕಿನ ಮಾತು. ಈಗಿನ ಲ್ಯಾಪ್‌ಟಾಪುಗಳಲ್ಲಿ ಇರುವುದು ಹೆಚ್ಚಾಗಿ ಎಸ್‌ಎಸ್‌ಡಿ, ಅಂದರೆ ಫ್ಲ್ಯಾಶ್ ಚಿಪ್ಪು. ಜಪಾನಿನ ತೋಶಿಬಾದಲ್ಲಿ ಫುಜಿಯೊ ಮಸುವೊಕ ಅದನ್ನು ಕಂಡುಹಿಡಿದರು. ಒಂದೇ ಏಟಿಗೆ ಎಲ್ಲ ಅಳಿಸುವುದು ಕ್ಯಾಮೆರಾದ ಫ್ಲ್ಯಾಶ್ ತರ ಇದೆ ಅಂತ ಅವರ ಜೊತೆಗಾರರೊಬ್ಬರು ಆ ಹೆಸರು ಸೂಚಿಸಿದರು. ಗುಟ್ಟು ಆ 'ಒಂದೇ ಏಟಿ'ನಲ್ಲಿದೆ.

ಇಡ್ಲಿ ತಟ್ಟೆ ನೆನೆಸಿಕೊಳ್ಳಿ. ಹಿಟ್ಟನ್ನು ಒಂದೊಂದೇ ಗುಳಿಗೆ ಹಾಕಬಹುದು. ತೊಳೆಯಬೇಕಾದರೆ ಮಾತ್ರ ಇಡೀ ತಟ್ಟೆ ತೊಳೆಯಬೇಕು. ಬಳಸಿದ ಗುಳಿಗೆ ತೊಳೆಯದೆ ಮತ್ತೆ ಹಿಟ್ಟು ಹಾಕುವ ಹಾಗಿಲ್ಲ. ಫ್ಲ್ಯಾಶಿನಲ್ಲೂ ಹಾಗೇ. ಬರೆಯುವುದು ಸಣ್ಣ ಪುಟದಲ್ಲಿ, ಅಳಿಸುವುದು ನೂರಾರು ಪುಟಗಳ ದೊಡ್ಡ ಬ್ಲಾಕಿನಲ್ಲಿ. ತಟ್ಟೆಯಲ್ಲಿ ಇನ್ನೂ ಎರಡು ಒಳ್ಳೆ ಇಡ್ಲಿ ಇದ್ದರೆ ಅವನ್ನು ಬೇರೆ ತಟ್ಟೆಗೆ ಸಾಗಿಸಿ ಆಮೇಲೆ ತೊಳೆಯಬೇಕು. ಅಡುಗೆಮನೆಯಲ್ಲಿ ಖಾಲಿ ತಟ್ಟೆಗಳಿದ್ದರೆ ಈ ಕೆಲಸ ಸಲೀಸು. ಎಲ್ಲ ತಟ್ಟೆಯೂ ಭರ್ತಿ ಆಗಿದ್ದರೆ? ಇಲ್ಲಿಂದ ತೆಗೆ, ಅಲ್ಲಿಡು, ತೊಳೆ, ಮತ್ತೆ ಹಾಕು. ಡಿಸ್ಕ್ ತುಂಬಿದರೆ ಲ್ಯಾಪ್‌ಟಾಪ್ ನಿಧಾನ ಅನ್ನುವ ಮಾತಿನಲ್ಲಿ ನಿಜ ಇರುವುದು ಇಷ್ಟೇ. 'ಭಾರ' ಅಲ್ಲ, ತಟ್ಟೆ ಸಾಲದು. ಹತ್ತರಲ್ಲಿ ಒಂದೆರಡು ಪಾಲು ಖಾಲಿ ಬಿಡಿ ಅನ್ನುವುದು ಇದಕ್ಕೇ.

ಯಾವ ಇಡ್ಲಿ ಬೇಡವಾಯಿತು ಅಂತ ಡಿಸ್ಕಿಗೆ ಹೇಗೆ ಗೊತ್ತಾಗಬೇಕು? ನೀವು ಅಳಿಸಿದಾಗ ವಿಂಡೋಸ್ ಟ್ರಿಮ್ ಅನ್ನುವ ಸಂದೇಶ ಕಳಿಸುತ್ತದೆ. ಡಿಸ್ಕ್ ಬಿಡುವಾದಾಗ ತಾನೇ ತೊಳೆದಿಡುತ್ತದೆ. ಹಾಗಾಗಿ ಎಸ್‌ಎಸ್‌ಡಿಯಲ್ಲಿ ಅಳಿಸಿದ್ದು ಸಾಮಾನ್ಯವಾಗಿ ಬೇಗನೆ ಕಾಣೆಯಾಗುತ್ತದೆ, ವಾಪಸ್ ತರುವುದು ಕಷ್ಟ. ಹಳೆ ಹಾರ್ಡ್ ಡಿಸ್ಕಿನಲ್ಲಿ ತಪ್ಪಿ ಏನಾದರೂ ಅಳಿಸಿದರೆ ಆ ಕ್ಷಣವೇ ಬಳಸುವುದು ನಿಲ್ಲಿಸಿ. ವಾಪಸ್ ತರುವ ತಂತ್ರಾಂಶವನ್ನು ಅದೇ ಡಿಸ್ಕಿಗೆ ಹಾಕಬೇಡಿ. ಉಳಿಸಬೇಕಾದ ಬೆಳೆಯ ಮೇಲೆಯೇ ಟ್ರಾಕ್ಟರ್ ಓಡಿಸಿದ ಹಾಗಾಗುತ್ತದೆ.

ಸಂಜೆ ಹೊತ್ತಿಗೆ ಕೆಂಪು ಪಟ್ಟಿ ನೀಲಿ ಆಗಿತ್ತು. ಕಾಫಿ ಬಂತು. ಮಾತಿನ ನಡುವೆ ನಾನು ಕಂಪ್ಯೂಟರ್ ಭದ್ರತೆಯ ಸಂಶೋಧಕ ಸಿಮ್ಸನ್ ಗಾರ್ಫಿಂಕೆಲ್ ಅವರ ಕಥೆ ಹೇಳಿದೆ. ಅವರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿದ್ದಾಗ ಜೊತೆಗಾರರೊಬ್ಬರೊಂದಿಗೆ ಸೆಕೆಂಡ್ ಹ್ಯಾಂಡ್ ಹಾರ್ಡ್ ಡಿಸ್ಕುಗಳನ್ನು ಕೊಂಡು ತಂದರು, ಒಟ್ಟು 158. 2003ರಲ್ಲಿ ಅದರ ವರದಿ ಬಂತು. ಓದಲು ಸಿಕ್ಕ 129ರಲ್ಲಿ ಸರಿಯಾಗಿ ಸ್ವಚ್ಛ ಮಾಡಿ ಮಾರಿದ್ದು 12 ಮಾತ್ರ. ಉಳಿದವುಗಳಲ್ಲಿ ಕ್ರೆಡಿಟ್ ಕಾರ್ಡ್ ನಂಬರು, ಕಾಯಿಲೆಯ ವಿವರ, ಪತ್ರಗಳು ಸಿಕ್ಕವು.

ದೊಡ್ಡಪ್ಪ ಲೋಟ ಕೆಳಗಿಟ್ಟರು. ಮೂರು ವರ್ಷದ ಹಿಂದೆ ಮನೆಯ ಹಳೆ ಕಂಪ್ಯೂಟರನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದ್ದರು. ಅದರಲ್ಲಿ ಪಿಂಚಣಿ ಕಾಗದ, ಪಾಸ್‌ಬುಕ್ಕಿನ ಸ್ಕ್ಯಾನ್, ತೋಟದ ಕ್ರಯಪತ್ರ.

"ಎಲ್ಲಾ ಡಿಲೀಟ್ ಮಾಡಿಯೇ ಕೊಟ್ಟಿದ್ದೆ ಕಣೋ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಬುಟ್ಟೀನೂ ಖಾಲಿ ಮಾಡಿದ್ದೆ."