ಓದುಗರ ಪ್ರಶ್ನೆ: ಕೌಂಟ್‌ಡೌನ್ ಶೋನಲ್ಲಿ 952 ಮಾಡಿದ ಆ ವ್ಯಕ್ತಿ 318 ಇಂಟು 75ನ್ನ ಅಷ್ಟು ಬೇಗ ಹೇಗೆ ಮಾಡಿದ್ರು?

ಬ್ರಿಟನ್ನಿನ ಕೌಂಟ್‌ಡೌನ್ ಶೋದ ಒಂದು ಹಳೇ ಕ್ಲಿಪ್ ಇದೆ, 1997ರದ್ದು. ಅದನ್ನ ನೋಡಿದವರೆಲ್ಲ ಕೊನೆಗೆ ಕೇಳೋ ಪ್ರಶ್ನೆ ಒಂದೇ: "30 ಸೆಕೆಂಡಲ್ಲಿ ಕ್ಯಾಲ್ಕುಲೇಟರ್ ಇಲ್ಲದೆ 23,850 ಅನ್ನೋ ನಂಬರ್‌ವರೆಗೂ ಹೋಗಿ ವಾಪಸ್ ಕರೆಕ್ಟಾಗಿ 952ಕ್ಕೆ ಬಂದು ನಿಂತ್ರಲ್ಲ, ಇದು ನಿಜವಾಗ್ಲೂ ಸಾಧ್ಯನಾ, ಇಲ್ಲಾ ಉತ್ತರ ಮೊದಲೇ ಗೊತ್ತಿತ್ತಾ?"

ನಿಜವಾಗ್ಲೂ ಸಾಧ್ಯ, ಮೊದಲೇ ಗೊತ್ತಿರೋ ಚಾನ್ಸೇ ಇಲ್ಲ. ಆದ್ರೆ ನಾವೆಲ್ಲ ಬಾಯಿ ಬಿಟ್ಕೊಂಡು ನೋಡೋ ಆ ದೊಡ್ಡ ಗುಣಾಕಾರ ಇದೆಯಲ್ಲ, ಅದು ಆ ಆಟದಲ್ಲಿ ಎಲ್ಲಕ್ಕಿಂತ ಸುಲಭದ ಭಾಗ. ಅಸಲಿ ಬುದ್ಧಿವಂತಿಕೆ ಬೇರೆ ಜಾಗದಲ್ಲಿದೆ, ಅದನ್ನ ಹೇಳ್ಬೇಕು ಅಂತಾನೇ ಇಷ್ಟು ಉದ್ದ ಬರೀತಿದೀನಿ.

ಶೋ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಬ್ರಿಟನ್ನಿನಲ್ಲಿ ಚಾನೆಲ್ 4 ಶುರುವಾಗಿದ್ದು 1982ರ ನವೆಂಬರ್ 2ಕ್ಕೆ, ಆ ಚಾನೆಲ್ಲಲ್ಲಿ ಮೊಟ್ಟಮೊದಲು ಬಂದ ಕಾರ್ಯಕ್ರಮಾನೇ ಕೌಂಟ್‌ಡೌನ್. ಇವತ್ತಿಗೂ ನಡೀತಿದೆ. ಐಡಿಯಾ ಮೂಲತಃ ಫ್ರಾನ್ಸಿಂದು, ಅಲ್ಲಿ 1965ರಲ್ಲೇ ಪದದ ಆಟವಾಗಿ ಶುರುವಾಗಿ 1972ರಲ್ಲಿ ನಂಬರ್‌ಗಳೂ ಸೇರ್ಕೊಂಡ್ವು. ಇಬ್ರು ಸ್ಪರ್ಧಿಗಳು, ಪ್ರತಿ ರೌಂಡಿಗೆ 30 ಸೆಕೆಂಡ್, ಹಿಂದೆ ದೊಡ್ಡ ಗಡಿಯಾರ. ಕೆಲವು ರೌಂಡಲ್ಲಿ ಒಂಬತ್ತು ಅಕ್ಷರ ಕೊಡ್ತಾರೆ, ಅದ್ರಲ್ಲಿ ಎಷ್ಟು ಉದ್ದದ ಇಂಗ್ಲಿಷ್ ಪದ ಮಾಡ್ತೀರೋ ಅಷ್ಟು ಪಾಯಿಂಟ್, ಒಂಬತ್ತೂ ಬಳಸಿದ್ರೆ ಡಬಲ್, ಅಂದ್ರೆ 18. ಪದ ಡಿಕ್ಷನರೀಲಿ ಇದೆಯಾ ಅಂತ ನೋಡೋಕೆ ಪಕ್ಕದಲ್ಲೇ ಒಬ್ರು ಕೂತಿರ್ತಾರೆ, 1992ರಿಂದ ಆ ಜಾಗದಲ್ಲಿ ಸೂಸಿ ಡೆಂಟ್ ಇದ್ದಾರೆ. ಕೊನೆಯ ರೌಂಡಲ್ಲಿ ಕಲಸಿ ಹಾಕಿರೋ ಒಂದು ಒಂಬತ್ತಕ್ಷರದ ಪದಾನ ಯಾರು ಮೊದಲು ಬಿಡಿಸ್ತಾರೋ ಅವರಿಗೆ 10. ಪದದ ರೌಂಡ್ ಚೆನ್ನಾಗೇ ಇರತ್ತೆ, ಆದ್ರೆ ಅದಕ್ಕೆ ಇಂಗ್ಲಿಷ್ ಗಟ್ಟಿ ಇರ್ಬೇಕು. ನಂಬರ್ ರೌಂಡ್ ಹಾಗಲ್ಲ, ಮಗ್ಗಿ ಗೊತ್ತಿದ್ರೆ ಸಾಕು, ಹಂಗಾಗೇ ಆ ಶೋ ಟಿವೀಲಿ ಬರದೇ ಇರೋ ಊರುಗಳಲ್ಲೂ ಜನ ಈ ಕ್ಲಿಪ್ ನೋಡಿ ಚರ್ಚೆ ಮಾಡ್ತಾರೆ.

ನಂಬರ್ ರೌಂಡಿನ ರೂಲ್ಸ್ ಸರಿಯಾಗಿ ತಿಳ್ಕೊಳ್ಳಿ, ಇಲ್ಲಾಂದ್ರೆ ಮುಂದಿನದು ಅರ್ಥ ಆಗಲ್ಲ. ಒಟ್ಟು 24 ಬಿಲ್ಲೆ. ಅದ್ರಲ್ಲಿ ನಾಲ್ಕು ದೊಡ್ಡವು, 25, 50, 75, 100, ಒಂದೊಂದೇ ಇರೋದು. ಉಳಿದ 20 ಚಿಕ್ಕವು, 1ರಿಂದ 10ರವರೆಗೆ ಪ್ರತಿಯೊಂದೂ ಎರಡೆರಡು. ಸ್ಪರ್ಧಿ ಆರು ಬಿಲ್ಲೆ ಆರಿಸ್ಬೇಕು, ದೊಡ್ಡದೆಷ್ಟು ಚಿಕ್ಕದೆಷ್ಟು ಅಂತ ಹೇಳ್ಬಹುದು ಅಷ್ಟೇ, ಯಾವುದು ಬರತ್ತೆ ಅಂತ ಗೊತ್ತಿರಲ್ಲ. ಆಮೇಲೆ ಒಂದು ಮಷಿನ್ ಮೂರಂಕಿಯ ಟಾರ್ಗೆಟ್ ಕೊಡತ್ತೆ. ಕೂಡು, ಕಳೆ, ಗುಣಿಸು, ಭಾಗಿಸು, ಈ ನಾಲ್ಕೇ. ಒಂದು ಬಿಲ್ಲೆ ಒಂದೇ ಸಲ. ಮಧ್ಯದಲ್ಲಿ ಯಾವ ಹಂತದಲ್ಲೂ ಭಿನ್ನರಾಶಿ ಬರಬಾರದು, ಪಾಯಿಂಟ್ ಐದು ಅಂತೆಲ್ಲ ನಡೆಯಲ್ಲ. ಕರೆಕ್ಟಾಗಿ ಟಾರ್ಗೆಟ್ ಮುಟ್ಟಿದ್ರೆ 10, ಐದರೊಳಗೆ ಹತ್ರ ಬಂದ್ರೆ 7, ಹತ್ತರೊಳಗೆ ಬಂದ್ರೆ 5, ಅದೂ ಇಬ್ಬರಲ್ಲಿ ಯಾರು ಹೆಚ್ಚು ಹತ್ರ ಇರ್ತಾರೋ ಅವರಿಗೇ. ಪೆನ್ನು ಪೇಪರ್ ಇರತ್ತೆ, ಕ್ಯಾಲ್ಕುಲೇಟರ್ ಇಲ್ಲ. ಹಾಗಾಗಿ ಪೂರ್ತಿ ತಲೇಲೇ ಮಾಡಿದ್ರು ಅನ್ನೋದನ್ನೂ ಸ್ವಲ್ಪ ಸರಿ ಮಾಡ್ಕೊಳ್ಳಿ, ಗೀಚೋಕೆ ಪೇಪರ್ ಇತ್ತು. ಆದ್ರೆ 30 ಸೆಕೆಂಡಲ್ಲಿ ಪೇಪರ್ ಎಷ್ಟು ಉಪಯೋಗಕ್ಕೆ ಬರತ್ತೆ ಅಂತ ಒಂದ್ಸಲ ಟ್ರೈ ಮಾಡಿ ನೋಡಿದ್ರೆ ಗೊತ್ತಾಗತ್ತೆ.

ಈಗ ಆ ಆಟಕ್ಕೆ ಬರೋಣ. ಬಂದ ಬಿಲ್ಲೆಗಳು 25, 50, 75, 100, 3, 6. ಟಾರ್ಗೆಟ್ 952. ಸ್ಪರ್ಧಿ ಹೆಸರು ಜೇಮ್ಸ್ ಮಾರ್ಟಿನ್. ಟೈಮ್ ಮುಗಿದ ಮೇಲೆ 952 ಅಂತ ಹೇಳಿ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ಹೇಳ್ತಾರೆ, ಬೋರ್ಡ್ ಹತ್ರ ಆಗ ಶೋದಲ್ಲಿ ಲೆಕ್ಕ ನೋಡ್ಕೊಳ್ತಿದ್ದ ಕ್ಯಾರಲ್ ವಾರ್ಡರ್‌ಮನ್ ಬರ್ಕೊಂತಾ ಹೋಗ್ತಾರೆ. 100ಕ್ಕೆ 6 ಕೂಡಿದ್ರೆ 106. ಅದನ್ನ 3ರಿಂದ ಗುಣಿಸಿದ್ರೆ 318. ಇಲ್ಲೀವರೆಗೂ ಎಲ್ರೂ ಆರಾಮಾಗಿರ್ತಾರೆ. ಆಮೇಲೆ 318ನ್ನ 75ರಿಂದ ಗುಣಿಸಿ ಅಂತಾರೆ, 23,850. ಸ್ಟುಡಿಯೋದಲ್ಲಿ ನಗು ಶುರುವಾಗತ್ತೆ, ಯಾಕಂದ್ರೆ ಬೇಕಾಗಿರೋದು ಸಾವಿರದೊಳಗಿನ ನಂಬರ್, ಈ ಮನುಷ್ಯ ಇಪ್ಪತ್ಮೂರು ಸಾವಿರಕ್ಕೆ ಹೋಗಿದ್ದಾರೆ. ಅದ್ರಿಂದ 50 ಕಳೆದು 23,800. 25ರಿಂದ ಭಾಗಿಸಿದ್ರೆ 952. ಆರಕ್ಕೆ ಆರೂ ಬಿಲ್ಲೆ ಖಾಲಿ.

ಮೊದಲು ಆ ಗುಣಾಕಾರದ ವಿಷಯ ಮುಗಿಸ್ತೀನಿ. ನಮ್ಮಲ್ಲಿ ಹಳೇ ಕಾಲದ ಶಾಲೇಲಿ ಓದಿದವರು ಮನೇಲಿದ್ರೆ ಅವರನ್ನ ಕೇಳಿ, ಕಾಲು ಮಗ್ಗಿ, ಅರ್ಧದ ಮಗ್ಗಿ, ಮುಕ್ಕಾಲು ಮಗ್ಗಿ ಅಂತ ಬಾಯಿಪಾಠ ಮಾಡಿಸ್ತಿದ್ರು. 25, 50, 75 ಅಂದ್ರೆ ನೂರರ ಕಾಲು, ಅರ್ಧ, ಮುಕ್ಕಾಲು ತಾನೆ. 318ರ ಅರ್ಧ 159, ಕಾಲು ಎಪ್ಪತ್ತೊಂಬತ್ತೂವರೆ, ಎರಡೂ ಸೇರಿದ್ರೆ ಇನ್ನೂರ ಮೂವತ್ತೆಂಟೂವರೆ, ಅದರ ನೂರು ಪಟ್ಟು 23,850. ಆಯ್ತು ಅಷ್ಟೇ. 25ರಿಂದ ಭಾಗಿಸೋದೂ ಹಾಗೇ, 23,800ರಲ್ಲಿ ಎರಡು ಸೊನ್ನೆ ತೆಗೀರಿ, 238, ನಾಲ್ಕರಿಂದ ಗುಣಿಸಿ, 952. ದಿನಸಿ ಅಂಗಡೀಲಿ ಮುಕ್ಕಾಲು ಕೇಜಿ, ಕಾಲು ಕೇಜಿ ಲೆಕ್ಕ ಬಾಯಲ್ಲೇ ಹಾಕಿ ಅಭ್ಯಾಸ ಇರೋರಿಗೆ ಇದು ಹೆದರೋ ಅಂಥ ಲೆಕ್ಕ ಅಲ್ವೇ ಅಲ್ಲ.

ಹಾಗಾದ್ರೆ ದೊಡ್ಡ ವಿಷಯ ಏನು? 75ರಿಂದ ಗುಣಿಸ್ಬೇಕು ಅಂತ ಹೊಳೆದಿದ್ದು ಹೇಗೆ ಅನ್ನೋದು.

952ನ್ನ ನೋಡಿದ ತಕ್ಷಣ ಅದರ ಅಕ್ಕಪಕ್ಕ ನೋಡ್ಬೇಕು. 954 ಅಲ್ಲೇ ಎರಡು ಹೆಜ್ಜೆ ಮುಂದಿದೆ, 954 ಅಂದ್ರೆ 106 ಒಂಬತ್ಲೆ. 106 ಸಿಗತ್ತೆ, 100 ಮತ್ತು 6. ಒಂಬತ್ತು ಅಂದ್ರೆ ಮೂರು ಮೂರ್ಲೆ, ಒಂದು 3ರ ಬಿಲ್ಲೆ ಇದೆ, ಇನ್ನೊಂದು 3 ಬೇಕಾದ್ರೆ 75ನ್ನ 25ರಿಂದ ಭಾಗಿಸ್ಬಹುದು. ಕೊನೆಗೆ ಕಳೆಯೋಕೆ 2 ಬೇಕು, ಅದು 50ನ್ನ 25ರಿಂದ ಭಾಗಿಸಿದ್ರೆ ಸಿಗತ್ತೆ. ಎಲ್ಲಾ ಸರಿ, ಆದ್ರೆ 25 ಎರಡು ಸಲ ಬೇಕಾಯ್ತಲ್ಲ, ಇರೋದು ಒಂದೇ ಬಿಲ್ಲೆ! ನಾವು ನೀವೆಲ್ಲ ಇಲ್ಲಿ ಕೈ ಬಿಡ್ತೀವಿ. ಮಾರ್ಟಿನ್ ಮಾಡಿದ್ದು ಏನಂದ್ರೆ ಭಾಗಾಕಾರಾನ ಮುಂದಕ್ಕೆ ಹಾಕಿದ್ದು. 75ನ್ನೂ ಈಗ ಭಾಗಿಸಲ್ಲ, 50ನ್ನೂ ಈಗ ಭಾಗಿಸಲ್ಲ, ಎರಡನ್ನೂ ಹಾಗೇ ಒಳಗೆ ಹಾಕ್ಕೊಂಡು ಕೊನೇಲಿ ಒಂದೇ ಸಲ ಒಟ್ಟಿಗೆ 25ರಿಂದ ಭಾಗಿಸಿದ್ರೆ 75 ತಾನಾಗೇ 3 ಆಗತ್ತೆ, 50 ತಾನಾಗೇ 2 ಆಗತ್ತೆ. ಇಬ್ರು ಒಂದೇ ಆಟೋ ಹತ್ತಿ ಇಳಿಯೋವಾಗ ಒಂದೇ ಸಲ ಚಾರ್ಜ್ ಕೊಟ್ಟ ಹಾಗೆ, 25 ಒಂದೇ, ಕೆಲಸ ಎರಡು. 23,850 ಅನ್ನೋ ದೈತ್ಯ ನಂಬರ್ ಬಂದಿದ್ದು ಈ ಕಾರಣಕ್ಕೆ, ಭಾಗಿಸೋದನ್ನ ತಡ ಮಾಡಿದ್ದಕ್ಕೆ. ಈ ದಾರೀಲಿ ಯೋಚಿಸಿದವರಿಗೆ ಆ ನಂಬರ್ ಎಷ್ಟು ಅಂತ ಲೆಕ್ಕ ಹಾಕೋ ಅವಶ್ಯಕತೇನೂ ಇಲ್ಲ, 954 ಮೈನಸ್ 2 ಅಂತ ಉತ್ತರ ಮೊದಲೇ ಕೈಲಿದೆ. ಅವರ ತಲೆಯೊಳಗೆ ಇದೇ ಕ್ರಮದಲ್ಲಿ ಓಡಿತ್ತು ಅಂತ ನಾನು ಹೇಳ್ತಿಲ್ಲ, ಆದ್ರೆ ಆ ಉತ್ತರದ ಒಳಗಡೆ ಇರೋ ರಚನೆ ಇದೇ, ಹೈಸ್ಕೂಲ್ ಬೀಜಗಣಿತದಲ್ಲಿ ಕಂಸ ಬಿಡಿಸೋಕೆ ಕಲಿಸ್ತಾರಲ್ಲ ಅದೇ ನಿಯಮ, ಅದನ್ನ ಗಡಿಯಾರ ಓಡ್ತಿರೋವಾಗ ನೆನಪಿಸ್ಕೊಳ್ಳೋದು ಇದೆಯಲ್ಲ, ಅದಕ್ಕೆ ನಾನು ಕೈ ಮುಗೀತೀನಿ.

ಇಲ್ಲಿ ಶಕುಂತಲಾ ದೇವಿ ನೆನಪಾಗೋದು ಸಹಜ, ಎಷ್ಟೋ ಜನ ಹೋಲಿಸ್ತಾರೆ ಕೂಡ. ಬೆಂಗಳೂರಲ್ಲಿ ಹುಟ್ಟಿದ ಅವರು 1980ರ ಜೂನ್ 18ಕ್ಕೆ ಲಂಡನ್ನಿನ ಇಂಪೀರಿಯಲ್ ಕಾಲೇಜಲ್ಲಿ 13 ಅಂಕಿಯ ಎರಡು ಸಂಖ್ಯೆಗಳನ್ನ 28 ಸೆಕೆಂಡಲ್ಲಿ ಗುಣಿಸಿ ಹೇಳಿದ್ರು, ಗಿನ್ನೆಸ್ ಪುಸ್ತಕದಲ್ಲೂ ಬಂತು. ಆದ್ರೆ ಎರಡೂ ಬೇರೆ ಬೇರೆ ಶಕ್ತಿ. ಶಕುಂತಲಾ ದೇವಿಯವರಿಗೆ ಏನು ಮಾಡ್ಬೇಕು ಅಂತ ಗೊತ್ತಿತ್ತು, ಅದನ್ನ ಮಾಡೋದು ಮನುಷ್ಯರಿಗೆ ಆಗದ ಕೆಲಸ ಅನ್ನೋ ಹಾಗಿತ್ತು. ಕೌಂಟ್‌ಡೌನಲ್ಲಿ ಲೆಕ್ಕ ನಮ್ಮಂಥವರಿಗೂ ಬರೋದೇ, ಯಾವ ಲೆಕ್ಕ ಮಾಡ್ಬೇಕು ಅನ್ನೋದೇ ಗೊತ್ತಿರಲ್ಲ. ಯಾರು ಮೇಲು ಅಂತ ಜಗಳ ಆಡೋದ್ರಲ್ಲಿ ಅರ್ಥ ಇಲ್ಲ ಅಂತ ನನ್ನ ಅಭಿಪ್ರಾಯ.

ಮೊದಲೇ ಗೊತ್ತಿತ್ತಾ ಅನ್ನೋದಕ್ಕೆ ಬರ್ತೀನಿ. ಟಾರ್ಗೆಟ್ ಕೊಡೋ ಮಷಿನ್‌ಗೆ ಸೆಸಿಲ್ ಅಂತ ಹೆಸರು, ಶೋ ಲೀಡ್ಸ್ ಊರಲ್ಲಿ ರೆಕಾರ್ಡ್ ಆಗ್ತಿದ್ದ ಕಾಲದಲ್ಲಿ ಇಟ್ಟಿದ್ದು, ಅದು ಯಾದೃಚ್ಛಿಕವಾಗಿ ನಂಬರ್ ಎತ್ತತ್ತೆ. ಆರು ಬಿಲ್ಲೆ ಬರೋ ಬೇರೆ ಬೇರೆ ರೀತಿ ಲೆಕ್ಕ ಹಾಕಿದ್ರೆ 13,243. ಪ್ರತಿಯೊಂದಕ್ಕೂ ಮೂರಂಕಿಯ 900 ಟಾರ್ಗೆಟ್ ಇಟ್ಕೊಂಡ್ರೆ ಒಂದು ಕೋಟಿ ಹತ್ತೊಂಬತ್ತು ಲಕ್ಷ ದಾಟತ್ತೆ. ಬಾಯಿಪಾಠ ಮಾಡೋ ಮಾತೇ ಇಲ್ಲ. ಆದ್ರೆ ಒಂದು ಕುತೂಹಲದ ವಿಷಯ ಇದೆ, ದೊಡ್ಡವು ನಾಲ್ಕೂ ತಗೊಂಡ್ರೆ ಉಳಿದ ಎರಡು ಚಿಕ್ಕವು ಬರೋದು ಬರೀ 55 ಥರ. ಅಂದ್ರೆ 25, 50, 75, 100 ಯಾವಾಗ್ಲೂ ಕೈಲಿದ್ದೇ ಇರತ್ತೆ, ಅವುಗಳ ಸಂಬಂಧ ಚೆನ್ನಾಗಿ ಪ್ರಾಕ್ಟೀಸ್ ಮಾಡಿದವರಿಗೆ ಇದು ಪರಿಚಯದ ಬೀದಿ. ಉಳಿದವರಿಗೆ ಮಾತ್ರ ಭಯ, ಯಾಕಂದ್ರೆ ಚಿಕ್ಕ ನಂಬರ್ ಜಾಸ್ತಿ ಇಲ್ಲದೇ ಇದ್ರೆ ಕೊನೇಲಿ ಒಂದೆರಡು ಹೆಚ್ಚು ಕಮ್ಮಿ ಮಾಡೋಕೆ ಏನೂ ಉಳಿದಿರಲ್ಲ. ತಯಾರಿ ಇತ್ತಾ ಅಂದ್ರೆ ಇರಬಹುದು, ತಯಾರಿ ಮೋಸ ಅಲ್ಲ.

ಅಭಿಮಾನಿಗಳಲ್ಲಿ ಇನ್ನೊಂದು ವಾದ ಇದೆ, "ಅಷ್ಟೆಲ್ಲ ಯಾಕೆ, ಇನ್ನೂ ಸುಲಭದ ದಾರಿ ಇತ್ತು" ಅಂತ. ಇದೆ, ನಿಜ. 100ಕ್ಕೆ 3 ಕೂಡಿ 103, 6ರಿಂದ ಗುಣಿಸಿ 618, ಅದನ್ನ 75ರಿಂದ ಗುಣಿಸಿ 50ರಿಂದ ಭಾಗಿಸಿ, ಅಂದ್ರೆ ಒಂದೂವರೆ ಪಟ್ಟು ಮಾಡಿ, 927. ಅದಕ್ಕೆ 25 ಕೂಡಿದ್ರೆ 952. ಚೆಂದ ಇದೆ ಈ ಉತ್ತರ, ನಂಗೂ ಇಷ್ಟ. ಆದ್ರೆ ಇದ್ರಲ್ಲೂ 618ನ್ನ ಮೊದಲು 50ರಿಂದ ಭಾಗಿಸೋಕೆ ಹೋದ್ರೆ ಭಿನ್ನರಾಶಿ ಬಂದು ರೂಲ್ಸ್ ಮುರಿಯತ್ತೆ, ಮೊದಲು ಗುಣಿಸಿ 46,350 ಅನ್ನೋ ಇನ್ನೂ ದೊಡ್ಡ ನಂಬರ್ ದಾಟ್ಕೊಂಡು ಬರಬೇಕು, ಇಲ್ಲಾ 75ನ್ನ ಮೊದಲು 6ರಿಂದ ಗುಣಿಸಿ 450 ಮಾಡಿ, 50ರಿಂದ ಭಾಗಿಸಿ 9 ಮಾಡ್ಕೊಂಡು, ಅದನ್ನ 103ರಿಂದ ಗುಣಿಸ್ಬೇಕು. ಅಂದ್ರೆ ಇಲ್ಲೂ ಅದೇ ಉಪಾಯ, ಭಾಗಾಕಾರ ಆಮೇಲೆ. ಸೋಫಾ ಮೇಲೆ ಕೂತು, ಕ್ಲಿಪ್ ನಿಲ್ಲಿಸಿ, ಅರ್ಧ ಗಂಟೆ ಯೋಚಿಸಿ ಇನ್ನೊಂದು ದಾರಿ ಹುಡುಕಿದವರು ಮಾರ್ಟಿನ್ ಉತ್ತರಾನ ಸುತ್ತು ದಾರಿ ಅನ್ನೋದು ನಂಗೆ ಸರಿ ಕಾಣಲ್ಲ. ಸಿಗೋದು ಎರಡಕ್ಕೂ ಅದೇ 10 ಪಾಯಿಂಟ್.

ಈ ಶೋದ ಸ್ಪರ್ಧಿಗಳ ಬಗ್ಗೆ ಅಭಿಮಾನ ಬರೋಕೆ ಇನ್ನೊಂದು ಕಾರಣ, ಇಲ್ಲಿ ದುಡ್ಡಿನ ಬಹುಮಾನ ಇಲ್ಲ. ಗೆದ್ರೆ ಶೋ ಹೆಸರಿರೋ ಒಂದು ಟೀ ಪಾಟ್. ಸತತ ಎಂಟು ಆಟ ಗೆದ್ದವರು ಅಜೇಯರಾಗಿ ಹೊರಗೆ ಹೋಗಿ, ಸೀಸನ್ ಕೊನೆಗೆ ಫೈನಲ್ಸ್ ಆಡೋಕೆ ವಾಪಸ್ ಬರ್ತಾರೆ. 2006ರಲ್ಲಿ 14 ವರ್ಷದ ಹುಡುಗ ಒಬ್ಬ ಸೀಸನ್ ಚಾಂಪಿಯನ್ ಆದ, ಅದೇ ಹುಡುಗ 2013ರಲ್ಲಿ ಶೋದ 30 ವರ್ಷದ ವಿಶೇಷ ಟೂರ್ನಿನೂ ಗೆದ್ದ. ನಮ್ಮ ಚಂದನ ವಾಹಿನೀಲಿ ಡಾ. ನಾ. ಸೋಮೇಶ್ವರ ನಡೆಸೋ 'ಥಟ್ ಅಂತ ಹೇಳಿ' ನೋಡಿ ಬೆಳೆದವರಿಗೆ ಇದು ಚೆನ್ನಾಗಿ ಅರ್ಥ ಆಗತ್ತೆ, ಅಲ್ಲೂ ಸರಿ ಉತ್ತರಕ್ಕೆ ಸಿಗೋದು ಪುಸ್ತಕ, ಆದ್ರೂ ಜನ ಊರೂರಿಂದ ಹೋಗಿ ಆಡ್ತಾರೆ.

ಕೆಲವರು ಇದನ್ನ ಕಲಿಯೋಕಾಗತ್ತಾ ಅಂತಾನೂ ಕೇಳಿದ್ರಿ. ಆಗತ್ತೆ, ಆದ್ರೆ 952ರಿಂದ ಶುರು ಮಾಡ್ಬೇಡಿ. ಒಂದೇ ದೊಡ್ಡ ಬಿಲ್ಲೆ ಇಟ್ಕೊಂಡು ಶುರು ಮಾಡಿ. ಉದಾಹರಣೆಗೆ 75, 2, 4, 5, 6, 9, ಟಾರ್ಗೆಟ್ 614. ದೊಡ್ಡದನ್ನ ಎಷ್ಟು ಪಟ್ಟು ಮಾಡಿದ್ರೆ ಹತ್ರ ಹೋಗ್ತೀವಿ ನೋಡಿ, 75 ಎಂಟ್ಲೆ 600, ಎಂಟು ಅಂದ್ರೆ 6 ಮತ್ತು 2, ಉಳಿದ 14ಕ್ಕೆ 9 ಮತ್ತು 5. ಮುಗೀತು, 4 ಬೇಕಾಗಲೇ ಇಲ್ಲ, ಎಲ್ಲಾ ಬಿಲ್ಲೆ ಬಳಸ್ಲೇಬೇಕು ಅಂತ ಏನಿಲ್ಲ. ಮಕ್ಕಳಿಗೆ ಇಂಥವು ದಿನಕ್ಕೊಂದು ಕೊಟ್ರೂ ಮಗ್ಗಿ ತಾನಾಗೇ ಗಟ್ಟಿ ಆಗತ್ತೆ.

ಇದು ಸಲೀಸಾದ ಮೇಲೆ ಮಾರ್ಟಿನ್ ಉಪಾಯಾನ ನೀವೇ ಕೈಯಾರೆ ಮಾಡಿ ನೋಡೋಕೆ ಒಂದು ಕೊಡ್ತೀನಿ: 25, 50, 75, 100, 2, 7, ಟಾರ್ಗೆಟ್ 644. ಮೊದಲು ಒಂದು ನಿಮಿಷ ನೀವೇ ಪ್ರಯತ್ನ ಮಾಡಿ, ಆಮೇಲೆ ಮುಂದೆ ಓದಿ. 644 ಅಂದ್ರೆ 642ಕ್ಕೆ 2 ಕೂಡಿದ್ದು, 642 ಅಂದ್ರೆ 214 ಮೂರ್ಲೆ, 214 ಅಂದ್ರೆ 107 ಎರಡ್ಲೆ. ಹಾಗಾಗಿ 100ಕ್ಕೆ 7 ಕೂಡಿ, 2ರಿಂದ ಗುಣಿಸಿ 214, ಅದನ್ನ 75ರಿಂದ ಗುಣಿಸಿ 16,050, ಈ ಸಲ 50 ಕಳೆಯೋ ಬದಲು ಕೂಡಿ 16,100, 25ರಿಂದ ಭಾಗಿಸಿ, 644.